ಕಣ್ಣು ಕಟ್ಟಿ ತಿನ್ನಿಸಿದ ರಸಬಾಳೆ

"ನನ್ ಕಣ್ಣಿಗೆ ಟವಲ್ ಕಟ್ಟಿ, ಎಲ್ಲರ ಮುಂದೆ ಕೋತಿ ಕುಣ್ಸಿದಂಗೆ ಕುಣ್ಸುದ್ಲಲ್ಲ ಆ ಮೂಳಿ! ಇದೇನ್ ಪಾಠನೋ ಸರ್ಕಸ್ಸೋ, ಟೀಚರಮ್ಮ?"

ಚಿಕ್ಕಸ್ವಾಮಿ ಮೇಜು ಗುದ್ದಿದ. ಅವನು ಹೊಂಗೆಹುಂಡಿ ಶಾಲೆಯ ಕಮಿಟಿ ಅಧ್ಯಕ್ಷ. ಮೇಜು ಅವನು ಕೊಡಿಸಿದ್ದು, ಕೋಣೆ ಅವನು ಕಟ್ಟಿಸಿದ್ದು, ಗೋಡೆಯ ಮೇಲಿನ ಕಲ್ಲಿನಲ್ಲಿ ಕೆತ್ತಿದ್ದು ಅವನ ಅಪ್ಪನ ಹೆಸರು. ಹಾಗಾಗಿ ಗುದ್ದುವ ಹಕ್ಕೂ ತನ್ನದೇ ಎಂದುಕೊಂಡಿದ್ದ.

"ಮೂಳಿಗೀಳಿ ಅನ್ಬ್ಯಾಡಿ, ಸ್ವಾಮಣ್ಣ," ಎಂದಳು ಟೀಚರು ಸಿದ್ದಲಿಂಗಮ್ಮ. "ಕಣ್ ಕಟ್ಟುದ್ರೂ ಏಳ್ತೀನಿ ಅಂದೋರು ಯಾರು? ನೀವೇ ತಾನೇ? ಕಟ್ಟುದ್ವು."

"ಮಾತಿಗಂದೆ ಕಣಮ್ಮಾ!"

"ದೊಡ್ಡೋರು ಅಂದದ್ದನ್ನ ಮಕ್ಳು ನಿಜ ಅಂತ ನಂಬ್ತವೆ. ಅದೂ ಅವುಗಳ ತಪ್ಪಾ?"

ಇಬ್ಬರ ನಡುವೆ ನಿಂತಿದ್ದ ಹೆಡ್‌ಮಾಸ್ತರು ಸುಬ್ರಹ್ಮಣ್ಯ, "ಸಮಾಧಾನ, ಸಮಾಧಾನ," ಎಂದರು. ಯಾರಿಗೆ ಹೇಳಿದರೆಂದು ಅವರಿಗೇ ಗೊತ್ತಿರಲಿಲ್ಲ.

ಎಪ್ಪತ್ತೆಂಟನೇ ಇಸವಿ. ಸಿದ್ದಲಿಂಗಮ್ಮ ಆ ವರ್ಷ ಶನಿವಾರ ಶಾಲೆ ಬಿಟ್ಟ ಮೇಲೆ ಚುರುಕು ಮಕ್ಕಳಿಗೆಂದೇ ಒಂದು ತರಗತಿ ತೆಗೆದಿದ್ದಳು. ಅಂಕ ನೋಡಿ ಆರಿಸಲಿಲ್ಲ. ಮನೆಯಲ್ಲಿ ಕೇಳಿ ಬೈಸಿಕೊಂಡ ಪ್ರಶ್ನೆ ಒಂದಾದರೂ ನಿನ್ನ ಹತ್ತಿರ ಇದೆಯೇನೋ ಎಂದು ಕೇಳಿದಳು. ಇದೆ ಎಂದವರನ್ನು ಸೇರಿಸಿಕೊಂಡಳು. ಅಲ್ಲಿ ಟೀಚರು ಉತ್ತರ ಹೇಳುವ ಹಾಗಿಲ್ಲ. ಪ್ರಶ್ನೆ ತಂದ ಮಗುವೇ ಅದನ್ನು ಪರೀಕ್ಷೆ ಮಾಡುವ ದಾರಿಯನ್ನೂ ಹುಡುಕಬೇಕು. ಅಧ್ಯಕ್ಷನ ಮೊಮ್ಮಗನ ಹತ್ತಿರ ಅಂಥ ಪ್ರಶ್ನೆ ಇರಲಿಲ್ಲ. ಚಿಕ್ಕಸ್ವಾಮಿಯ ಹೊಟ್ಟೆಯಲ್ಲಿ ಅದೊಂದು ಉರಿ ಮೊದಲಿನಿಂದಲೂ ಇತ್ತು.

ಮಂಚಮ್ಮನ ಮಗಳು ಸಣ್ಣತಾಯಿ ತಂದದ್ದು ರಸಬಾಳೆಯ ಪ್ರಶ್ನೆ. ನಂಜನಗೂಡು ಸೀಮೆಯ ಮಣ್ಣಲ್ಲಿ ಬೆಳೆದರೆ ಮಾತ್ರ ಅದಕ್ಕೆ ಆ ಘಮ, ಆ ರುಚಿ. ಅದೇ ಬಾಳೆಯ ಕಂದು ಕಿತ್ತು ತಂದು ಇಲ್ಲಿ ಕಾವೇರಿ ದಡದಲ್ಲಿ ನೆಟ್ಟರೆ ಹಣ್ಣು ಸಪ್ಪೆ ಎಂದು ಊರೆಲ್ಲ ಹೇಳುತ್ತದೆ. "ಯಾರಾದ್ರೂ ಕಣ್ ಮುಚ್ಕಂಡು ತಿಂದು ನೋಡವ್ರಾ?" ಎಂದು ಹುಡುಗಿ ಮನೆಯಲ್ಲಿ ಕೇಳಿ ತಲೆಗೆ ಮೊಟಕಿಸಿಕೊಂಡಿದ್ದಳು.

ಹೋದ ಶನಿವಾರ ಮಕ್ಕಳು ನಂಜನಗೂಡು ಸೀಮೆಯ ದೇವನೂರಿನದೊಂದು ಚಿಪ್ಪು ಹಣ್ಣು, ಇಲ್ಲೇ ಹೊಳೆದಡದ ಸೋಸಲೆಯದೊಂದು ಚಿಪ್ಪು ತರಿಸಿದರು. ಯಾವುದು ಎಲ್ಲಿಯದೆಂದು ತಟ್ಟೆಯ ಅಡಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಅದೇ ಹೊತ್ತಿಗೆ ಬಂದ ಚಿಕ್ಕಸ್ವಾಮಿ, ದೇವನೂರು ತನ್ನ ಮಾವನ ಮನೆಯೆಂದೂ ಆ ಮಣ್ಣಿನ ಹಣ್ಣನ್ನು ಕಣ್ಣು ಕಟ್ಟಿದರೂ ಹೇಳುವೆನೆಂದೂ ಜಂಬ ಕೊಚ್ಚಿದ. ಸಣ್ಣತಾಯಿ ಕಟ್ಟಿಯೇಬಿಟ್ಟಳು. ಅವನು ಸೋಸಲೆಯ ಹಣ್ಣನ್ನು ಬಾಯಿ ಚಪ್ಪರಿಸಿ ತಿಂದು, "ಆಹಾ, ಇದು ನಮ್ ಮಾವನ ತೋಟದ್ದೇಯ!" ಎಂದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾರನೆಯ ದಿನ ನರಸೀಪುರದ ಬಸ್ಸಿನಲ್ಲಿ ಕಂಡಕ್ಟರು, "ಗೌಡ್ರೇ, ಸೋಸಲೆ ಟಿಕೆಟ್ಟೋ, ದೇವನೂರು ಟಿಕೆಟ್ಟೋ? ನಿಮಗೆರಡೂ ಒಂದೇ ಅಂತಲ್ಲ!" ಎಂದನಂತೆ.

ಆ ಉರಿಯನ್ನೇ ಅವನು ಈ ಶನಿವಾರ ಶಾಲೆಗೆ ಹೊತ್ತು ತಂದಿದ್ದ.

"ಮೇಡಂ, ಸೋಮವಾರ ಇನ್ಸ್‌ಪೆಕ್ಟರು ಬರ್ತಾರೆ," ಎಂದರು ಸುಬ್ರಹ್ಮಣ್ಯ ಮೇಷ್ಟರು, ದನಿ ತಗ್ಗಿಸಿ. "ನಿಮ್ಮ ತರಗತಿಗೆ ಮಂಜೂರಾತಿ ಸಿಗಬೇಕಾದ್ರೆ ಪ್ರತ್ಯೇಕ ಕೋಣೆ ಇರಲೇಬೇಕು. ಕೋಣೆ ಇವರದು. ಆ ಹುಡುಗಿ ಪ್ರಾರ್ಥನೆ ಹೊತ್ತಿನಲ್ಲಿ ನಿಂತು, ಅಧ್ಯಕ್ಷರು ಹೇಳಿದ್ದೇ ಸರಿ, ನಾವು ಹಣ್ಣು ಅದಲುಬದಲು ಮಾಡಿದ್ವಿ ಅಂದುಬಿಡಲಿ. ಒಂದು ಮಾತು. ಬಾಯಿಪಾಠ ನಾನೇ ಮಾಡಿಸ್ತೀನಿ."

ಸಿದ್ದಲಿಂಗಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಮಂಜೂರಾತಿ ಬಂದರೆ ಒಂದು ಬೀರು, ಭೂತಗನ್ನಡಿ, ತಕ್ಕಡಿ ಎಲ್ಲ ಬರುತ್ತಿದ್ದವು. ವಾರಕ್ಕೊಂದು ಮಧ್ಯಾಹ್ನದ ಬದಲು ದಿನವೂ ಒಂದು ಪೀರಿಯಡ್ಡು ಸಿಗುತ್ತಿತ್ತು. ಅದಕ್ಕಾಗಿ ಮೈಸೂರಿನ ಕಛೇರಿಗೆ ಅಲೆದು ಅಲೆದು ಅವಳ ಚಪ್ಪಲಿ ಸವೆದಿತ್ತು. ಇದೆಲ್ಲ ಒಂದು ಸುಳ್ಳಿನಾಚೆ ಕೈಗೆ ಸಿಗುವಂತೆ ಕೂತಿತ್ತು. ಹಾಳು ಹಣ್ಣಿನ ವಿಷಯ ತಾನೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ.

ಬಾಗಿಲಲ್ಲಿ ಉಳಿದ ಮಕ್ಕಳ ಜೊತೆ ಇಣುಕುತ್ತಿದ್ದ ಸಣ್ಣತಾಯಿಯನ್ನು ಕರೆದಳು. "ಕೇಳುಸ್ಕಂಡ್ಯಾ? ಏನಂತೀಯೆ?"

ಹುಡುಗಿ ಲಂಗದ ಅಂಚು ಹಿಂಡುತ್ತಾ ಹೇಳಿದಳು: "ಅದಲುಬದಲು ಮಾಡ್ನಿಲ್ಲ ಮಿಸ್. ಆದ್ರೆ ತಾತ ಸೋತ್ರು ಅನ್ನಕೂ ಆಗಕಿಲ್ಲ. ಅವತ್ತು ಎಲೆಅಡ್ಕೆ ಉಗುದು ಅಂಗೇ ಬಂದಿದ್ರು. ನಾಲ್ಗೆ ಮಂದ ಆಗಿರ್ತದೆ."

"ನೋಡುದ್ರಾ!" ಚಿಕ್ಕಸ್ವಾಮಿಯ ಮುಖ ಅರಳಿತು. "ಎಳೇ ಮಗೀಗೆ ಇರೋ ಬುದ್ಧಿ ನಿಮ್ಗಿಲ್ವಲ್ಲ, ಟೀಚರಮ್ಮ! ತತ್ತಾ, ಈಗ್ಲೇ ಇನ್ನೊಂದ್ಸಲ ಆಗ್ಲಿ."

ಹೊರಗೆ ಹೋಗಿ ಗಂಟಲು ಕಿತ್ತುಬರುವ ಹಾಗೆ ಬಾಯಿ ಮುಕ್ಕಳಿಸಿ ಬಂದ. ತಾನೇ ಟವಲು ಕೊಟ್ಟ. ಈ ಶನಿವಾರಕ್ಕೆಂದು ಮಕ್ಕಳು ತಂದಿಟ್ಟಿದ್ದ ಎರಡೂ ಊರಿನ ಹಣ್ಣುಗಳನ್ನು ಸಣ್ಣತಾಯಿ ಗುರುತು ಹಾಕಿದ ತಟ್ಟೆಗಳಲ್ಲಿ ಸುಲಿದು ಕೊಟ್ಟಳು. ಅವನು ಮೊದಲನೆಯದನ್ನು ತಿಂದ. ನೀರು ಕುಡಿದ. ಎರಡನೆಯದನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ನಿಧಾನವಾಗಿ ತಿಂದ.

"ಇದೇ ದೇವನೂರದ್ದು."

ತಟ್ಟೆ ಎತ್ತಿ ನೋಡಿದರು. ಸರಿಯಾಗಿತ್ತು.

ಹೆಡ್‌ಮಾಸ್ತರು ಚಪ್ಪಾಳೆ ತಟ್ಟಿದರು. ಅಧ್ಯಕ್ಷ ಟವಲು ಬಿಚ್ಚಿ ಗಾಳಿಯಲ್ಲಿ ಬೀಸಿದ. ಸಿದ್ದಲಿಂಗಮ್ಮನ ಎದೆಯೂ ಹಗುರಾಯಿತು. ಸುಳ್ಳು ಹೇಳಿಸದೆ ಎಲ್ಲ ದಕ್ಕಿತಲ್ಲ!

"ಇನ್ನೊಂದ್ಸಲ, ತಾತ," ಎಂದಳು ಸಣ್ಣತಾಯಿ.

"ಇನ್ನೊಂದ್ಸಲ ಯಾಕವ್ವ? ಗೆದ್ನಲ್ಲ!"

"ಇರೋದು ಎಲ್ಡೇ ತಟ್ಟೆ. ಸುಮ್ಕೆ ಬಾಯಿಗೆ ಬಂದಂಗೆ ಏಳುದ್ರೂ ಒಂದೊಂದ್ಸಲ ಸರಿ ಬತ್ತದೆ. ಇನ್ನೂ ಸುಮಾರು ಸಲ ತಿನ್ಬೇಕು. ಇನ್ನೂ ಗೊತ್ತಾಗಿಲ್ಲ."

"ನಾನು ಬಾಯಿಗೆ ಬಂದಂಗೆ ಏಳುದ್ನಾ?" ಚಿಕ್ಕಸ್ವಾಮಿ ಎದ್ದು ನಿಂತ. "ಮೇಷ್ಟ್ರೇ, ನಾನ್ ಗೆದ್ದೆ ಅಂತ ಈಗ ಇವಳ ಬಾಯಲ್ಲಿ ಏಳ್ಸಿ. ಸೋಮವಾರ ಪ್ರಾರ್ಥನೇಲೂ ಏಳ್ಸಿ. ಇಲ್ಲಾಂದ್ರೆ ಕೋಣೆಗೆ ನನ್ ಬೀಗ."

"ಹೇಳಿಸಿಬಿಡಿ ಮೇಡಂ. ಈಗ ಸುಳ್ಳೂ ಅಲ್ವಲ್ಲ!"

ಸಿದ್ದಲಿಂಗಮ್ಮ ಹುಡುಗಿಯ ಕಡೆ ತಿರುಗಿದಳು. ಸಣ್ಣತಾಯಿ ಅಳುತ್ತಿರಲಿಲ್ಲ, ಅಂಗಲಾಚುತ್ತಲೂ ಇರಲಿಲ್ಲ. ಚಿಕ್ಕಸ್ವಾಮಿ ಯಾವ ತಟ್ಟೆ ತೋರಿಸುತ್ತಾನೆಂದು ಹೇಗೆ ಕಾದಿದ್ದಳೋ ಹಾಗೆಯೇ, ಟೀಚರು ಏನು ಹೇಳುತ್ತಾಳೆಂದು ನೋಡುತ್ತಾ ನಿಂತಿದ್ದಳು.

"ಒಂದ್ಸಲ ತಪ್ಪು, ಒಂದ್ಸಲ ಸರಿ," ಎಂದಳು ಸಿದ್ದಲಿಂಗಮ್ಮ. "ಗೆದ್ದೂ ಇಲ್ಲ, ಸೋತೂ ಇಲ್ಲ. ಈ ಮಗು ಏಳಿದ್ದೇ ಸರಿ. ಇನ್ನೂ ಗೊತ್ತಾಗಿಲ್ಲ."

"ನನ್ ಕೋಣೇಲಿ ನಿಂತ್ಕಂಡು ನನಗೇ ಏಳ್ತೀಯಾ?"

"ಕೋಣೆ ನಿಮ್ದು, ಸ್ವಾಮಣ್ಣ. ಮಡಿಕ್ಕಳಿ. ನಿಮ್ಮಪ್ಪನ ಎಸ್ರೂ ಅದೆ, ನೋಡ್ಕಂಡು ಕೂತ್ಕಳಿ."

"ಮೇಡಂ! ಕೋಣೆ ಇಲ್ಲ ಅಂದ್ರೆ ಇನ್ಸ್‌ಪೆಕ್ಟರು ಬಂದ ದಾರೀಲೇ ವಾಪಸ್ ಹೋಗ್ತಾರೆ!"

"ಓಗ್ಲಿ ಬುಡಿ ಸಾ. ಬಸ್ ಅದೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮಕ್ಕಳಿಗೆ ಬನ್ನಿ ಎಂದೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಬಾಗಿಲಲ್ಲಿ ಗುಂಪಾಗಿದ್ದವರು ಸರಿದು ದಾರಿ ಬಿಟ್ಟರು. ಹೊಸಿಲು ದಾಟಿ ಬಿಸಿಲಿಗಿಳಿದಳು. ವರ್ಗವಾಗಿ ಹೋಗುವ ತನಕ ಸಿದ್ದಲಿಂಗಮ್ಮ ಅದೇ ಶಾಲೆಯಲ್ಲಿ ಪಾಠ ಮಾಡಿದಳು. ಆ ಕೋಣೆಗೆ ಮಾತ್ರ ಮತ್ತೆ ಕಾಲಿಡಲಿಲ್ಲ.