ಎರಡು ಏಟು, ಒಂದು ತಟ್ಟು

ಚೀಲದ ಕೋಣೆಯೊಳಗಿಂದ ಕೆಮ್ಮು ಏಳುತ್ತಲೇ ಸೌಂದರ್ಯಾ ಕೈ ಜೋರು ಮಾಡಿದಳು. ಹಲಗೆಯ ಮೇಲೆ ಜೋಳದ ಹಿಟ್ಟು ದಪದಪನೆ ಅಗಲವಾಯಿತು. ಕೆಮ್ಮು ಇಳಿದರೆ ಮೆಲ್ಲಗೆ ಬಡಿಯಬಹುದು, ಏರಿದರೆ ಜೋರಾಗಿ. ಈ ವಿದ್ಯೆಯನ್ನು ಅವಳಿಗೆ ಯಾರೂ ಕೂಡಿಸಿಕೊಂಡು ಕಲಿಸಿರಲಿಲ್ಲ, ಮನೆಯೇ ಕಲಿಸಿತ್ತು.

"ಇನ್ನಷ್ಟು ಜೋರ ಬಡಿ," ಪಡಸಾಲೆಯಿಂದ ಮಾವ ಗುರುಬಸವ ಅಂದ. "ಗ್ವಾಡಿ ಆಚಿಗಿ ಗುಲಾಬಸಾಬ ಕುಂತಿರ್ತಾನ."

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಈರವ್ವ ರೊಟ್ಟಿಗೆ ಕೂತಳೆಂದರೆ ಓಣಿಗೆ ಬೆಳಗಾಯಿತು. ಎರಡು ಗಟ್ಟಿ ಏಟು, ಒಂದು ಹಗುರ ತಟ್ಟು. ಅದು ಅವಳ ಕೈ. ಅವಳು ಗುರುಬಸವನ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು, ತಮ್ಮನ ಹೆಂಡತಿ ಸತ್ತ ಮೇಲೆ ಆ ಮನೆಯ ಒಲೆ ಮುಂದೆ ಕೂತವಳು, ಮತ್ತೆ ಏಳಲಿಲ್ಲ. ತಮ್ಮನ ಮಗ ಅಮರೇಶನನ್ನು ಬಗಲಲ್ಲಿ ಎತ್ತಿಕೊಂಡೇ ರೊಟ್ಟಿ ಬೇಯಿಸಿದಳು. ಅವನಿಗೆ ಸೌಂದರ್ಯಾಳನ್ನು ತಂದು, ಅವಳ ಕೈಗೂ ರೊಟ್ಟಿ ಕಲಿಸಿದಳು. ಇಷ್ಟು ವರ್ಷದ ದುಡಿತಕ್ಕೆ ಕೂಲಿ ಎಂಬ ಮಾತು ಆ ಮನೆಯಲ್ಲಿ ಎಂದೂ ಎದ್ದಿರಲಿಲ್ಲ. ಯಾಕೆಂದರೆ ಅವಳು ಮನೆಯವಳು.

ಆ ಮನೆಯವಳಿಗೆ ಜ್ವರ ಬಂದ ದಿನವೇ ಅಡುಗೆಮನೆ ಪಕ್ಕದ ಚೀಲದ ಕೋಣೆಗೆ ಹಾಕಿದರು. ಅಮರಗೋಳದಲ್ಲಿದ್ದ ಗುರುಬಸವನ ದಲಾಲಿ ಅಂಗಡಿಯಿಂದ ಬಂದ ಜೋಳ, ಕಡಲೆ ಚೀಲಗಳನ್ನು ಒಟ್ಟುವ ಕೋಣೆ. ಕಿಟಕಿಯಿಲ್ಲ. ಗಟ್ಟಿಮುಟ್ಟು ಹಮಾಲರೇ ಒಳಹೊಕ್ಕರೆ ಮೂಗಿಗೆ ಟವೆಲು ಕಟ್ಟಿಕೊಳ್ಳುವಷ್ಟು ಧೂಳು. ಚಿಲಕ ಹೊರಗಿನಿಂದ.

ಕೊರೋನಾದ ಎರಡನೇ ಅಲೆಗೆ ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಕಾಳಿನ ವ್ಯಾಪಾರಕ್ಕೆ ಮಾತ್ರ ಪಾಸು. ಮನೆ ಸೀಲಾದರೆ ಪಾಸು ಹೋಗುತ್ತದೆ, ಅಂಗಡಿ ಮುಚ್ಚುತ್ತದೆ. ಸೀಲೆಂದರೆ ಏನೆಂದು ಗುರುಬಸವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಲಾಕ್‌ಡೌನಿನಲ್ಲಿ ಪಕ್ಕದ ಮನೆಯ ಇಕ್ಬಾಲ ಕೆಮ್ಮಿದ್ದನ್ನು ಕೇಳಿ ಫೋನು ಮಾಡಿದವನು ಅವನೇ. ಅಂಬ್ಯುಲೆನ್ಸು ಬಂತು, ಮೈತುಂಬ ಬಿಳಿ ಸುತ್ತಿಕೊಂಡವರು ಬಂದರು, ಓಣಿಯವರು ಮಾಳಿಗೆ ಹತ್ತಿ ಮೊಬೈಲು ಹಿಡಿದರು. ಇಕ್ಬಾಲನಿಗೆ ಏನೂ ಇಲ್ಲವೆಂದು ಬಿಟ್ಟು ಕಳಿಸಿದರು. ಆದರೆ ಅವನಪ್ಪ ಗುಲಾಬಸಾಬ ಹೊಲಿದ ಗಾದಿಯ ಮೇಲೆ ಮಲಗಲು ಆಮೇಲೆ ಓಣಿಯಲ್ಲಿ ಯಾರೂ ಒಪ್ಪಲಿಲ್ಲ. ಅವರ ಬಾಗಿಲಿಗೆ ತಗಡು ಬಡಿದ ಆ ದಿನಗಳಲ್ಲಿ ಹಿತ್ತಲ ಗೋಡೆಯ ಮೇಲೆ ತಾಟು ಇಡಿಸಿ ಬಿಸಿರೊಟ್ಟಿ ಹಾಕಿದವಳು ಈರವ್ವ ಒಬ್ಬಳೇ. ತಮ್ಮ ಬೈದರೆ, "ಹಿಟ್ಟು ನಿಂದಿದ್ದೀತು, ಕೈ ನಂದು," ಅಂದಿದ್ದಳು. ತಗಡು ಕಿತ್ತ ಮೇಲೂ ತಾಟು ಗೋಡೆ ಬಿಟ್ಟು ಇಳಿಯಲಿಲ್ಲ.

ಗುರುಬಸವ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಎಳೆದುಕೊಂಡು ಊಟಕ್ಕೆ ಕೂತ. ಎದುರಿಗೆ ಅಮರೇಶ, ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ರೊಟ್ಟಿ. ಸೌಂದರ್ಯಾ ಪಲ್ಯ ಬಡಿಸುತ್ತಲೇ ಅಂದಳು:

"ಮಾವಾರ, ಅತ್ತ್ಯಾರಿಗೆ ಉಸರು ಸಿಗವಲ್ದು. ನೀರೂ ಇಳೀವಲ್ದು."

"ಶುಂಠಿ ಕಷಾಯ ಕೊಟ್ಟೀಯಿಲ್ಲ?"

"ಕೊಟ್ಟೇನ್ರಿ, ಕಾರಿಕೊಂಡ್ರು. ದವಾಖಾನಿಗೆ ಒಯ್ರಿ ಅಂತ ಅವರ ಅನ್ನಾಕತ್ತಾರ."

ಗುರುಬಸವ ತುತ್ತು ನಿಲ್ಲಿಸಿದ. ಅವನ ದನಿ ಮೆತ್ತಗಾಯಿತು. "ದವಾಖಾನಿಗೆ ಒಯ್ದ್ರ ಏನ್ ಮಾಡ್ತಾರ ಗೊತ್ತೈತೇನು? ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಕುಣಿಯಾಗ ಒಗೀತಾರ. ಕುಂಡ್ರಿಸಿ, ಕೈಯಾಗ ಲಿಂಗ ಕೊಟ್ಟು, ವಿಭೂತಿ ಹಚ್ಚಿ ಮಣ್ಣ ಮಾಡೂದು ಬ್ಯಾಡೇನು ನಮ್ಮಕ್ಕಗ?"

"ಅವರಿನ್ನೂ ಜೀವಂತ ಅದಾರ್ರಿ ಮಾವಾರ."

ಅಮರೇಶ ಮೊಬೈಲಿನಿಂದ ಕಣ್ಣು ಎತ್ತದೆ ಅಂದ: "ಭಾಳ ಮಾತಾಡಾಕತ್ತಿ. ಮನಿ ಸೀಲ್ ಆತಂದ್ರ ನೀ ತಾರಿಹಾಳಕ್ಕ ನಡಿ. ನಿಮ್ಮಪ್ಪ ಕೂಡಿಸಿ ಉಣ್ಣಸ್ತಾನ."

ತಾರಿಹಾಳದಲ್ಲಿ ಅವಳಪ್ಪ ಕೂಲಿಗೆ ಹೋಗುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದಿತ್ತು. ಮದುವೆಯಾಗದ ಇಬ್ಬರು ತಂಗಿಯರೂ ಅಪ್ಪನೂ ಒಂದೇ ಕೋಣೆಯಲ್ಲಿದ್ದರು. ಅದು ಅಮರೇಶನಿಗೆ ಗೊತ್ತು, ಗೊತ್ತಿದ್ದೇ ಅಂದದ್ದು. ಸೌಂದರ್ಯಾ ಪಲ್ಯದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

"ಗ್ವಾಡಿ ಮ್ಯಾಲಿನ ತಾಟಿಗೂ ಒಂದು ಹಾಕು," ಹಿಂದಿನಿಂದ ಗುರುಬಸವ ಕೂಗಿದ. "ದಿನಾ ಹಾಕ್ತಿದ್ದದ್ದು ನಿಂತ್ರ ಸಂಶೇ ಬರ್ತೈತಿ."

ಅಕ್ಕ ಹಾಕುತ್ತಿದ್ದಾಗ ಬೈದವನೇ ಈಗ ಲೆಕ್ಕ ತಪ್ಪದೆ ಹಾಕಿಸುತ್ತಿದ್ದ.

ಸೌಂದರ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಚಿಲಕ ತೆಗೆದಳು. ಚೀಲಗಳ ಸಂದಿಯಲ್ಲಿ ಚಾಪೆ, ಚಾಪೆಯ ಮೇಲೆ ಈರವ್ವ ಗೋಡೆಗೆ ಬೆನ್ನುಕೊಟ್ಟು ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತುಟಿ ನೇರಳೆ ಹಣ್ಣು ತಿಂದವಳ ಹಾಗೆ. ಆದರೂ ಸೊಸೆಯನ್ನು ಕಂಡು ಕಣ್ಣು ಸಣ್ಣದು ಮಾಡಿ ನಕ್ಕಳು.

"ಮುಂಜಾನಿಂದ ಕೇಳಾಕತ್ತೇನಿ. ನೀ ರೊಟ್ಟಿ ಬಡೀತೀಯೋ, ಅರಿವಿ ಒಗೀತೀಯೋ?"

"ಮಾತಾಡಬ್ಯಾಡ್ರಿ ಅತ್ತ್ಯಾರ. ನೀರ ಕುಡೀರಿ."

ಈರವ್ವ ಲೋಟ ಸರಿಸಿ ಅವಳ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಇನ್ನೂ ಹಂಚಿನ ಬಿಸಿ. ಒಂದೊಂದು ಮಾತಿಗೂ ನಡುವೆ ಉಸಿರಿಗಾಗಿ ಕಾದು ಅಂದಳು: "ಗುಲಾಬಣ್ಣಗ ಒಂದ್ ಮಾತ ಹೇಳ. ಅಂವ ಗಾಡಿ ತರಸ್ತಾನ. ಗುರುಗ ಹೇಳಬ್ಯಾಡ. ನಾ ಇನ್ನೂ ಬದಕಬೇಕವಾ."

ಸೌಂದರ್ಯಾ ತಲೆ ತಗ್ಗಿಸಿದಳು.

"ಯಾರ ಸಲುವಾಗಿ ಅಂತ ಕೇಳಬ್ಯಾಡ," ಅಂದಳು ಈರವ್ವ. "ನನ್ನ ಸಲುವಾಗಿ."

"ಹೇಳ್ತೇನ್ರಿ," ಅಂದಳು ಸೌಂದರ್ಯಾ. ಹೊರಬಂದು ಚಿಲಕ ಹಾಕಿದಳು. ಕೈ ತಾನಾಗಿ ಹಾಕಿತು.

ಹಿತ್ತಲಲ್ಲಿ ಜಿಟಿಜಿಟಿ ಮಳೆ. ಗೋಡೆಯ ಆಚೆ ಗುಲಾಬಸಾಬ ತಲೆಗೆ ಗೋಣಿಚೀಲ ಹಾಕಿಕೊಂಡು ನಿಂತಿದ್ದ, ಕಾಯುತ್ತಿದ್ದವನ ಹಾಗೆ. ಅವಳು ಹಾಕಿದ ರೊಟ್ಟಿಯನ್ನು ತಿರುಗಿಸಿ ನೋಡಿದ.

"ಯವ್ವಾ, ಇದು ಅಕ್ಕನ ರೊಟ್ಟಿ ಅಲ್ಲ. ಅಂಚು ನನ್ನ ಗಾದಿ ಆಗೇತಿ."

"ನಾನ ಮಾಡೀನ್ರಿ ಕಾಕಾ. ಅತ್ತ್ಯಾರಿಗೆ ಮೊಣಕಾಲ ನೋವು."

"ಮೊಣಕಾಲು ಕೆಮ್ಮತಾವೇನು?"

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಮುದುಕ ಗೋಡೆಗೆ ಹತ್ತಿರ ಬಂದು ದನಿ ತಗ್ಗಿಸಿದ. "ನಾ ಫೋನ್ ಮಾಡಿದ್ರ ಸಾಬ ಸೇಡು ತೀರಿಸ್ಕೊಂಡ ಅಂತಾರ. ಇಕ್ಬಾಲನ್ನ ಓಣ್ಯಾಗ ಉಳಿಸಾಂಗಿಲ್ಲ. ಮನಿಯವರು ಹೇಳಿದ್ರು ಅಂತ ಆಗಬೇಕು. ನೀ ಬರೇ ಹ್ಞೂಂ ಅನ್ನು. ಈಗಿಂದೀಗ ಗಾಡಿ ಬರ್ತೈತಿ."

ಆ ಒಂದು ಅಕ್ಷರ ಅವಳ ಗಂಟಲವರೆಗೆ ಬಂತು. ಬೆನ್ನ ಹಿಂದೆ ಹಿತ್ತಲ ಬಾಗಿಲು ಕಿರ್ ಎಂದಿತು. ಅಮರೇಶ ಹೊಸ್ತಿಲ ಮೇಲೆ ನಿಂತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

"ಏನೂ ಇಲ್ರಿ ಕಾಕಾ," ಅಂದಳು.

ಗುಲಾಬಸಾಬ ಅಮರೇಶನನ್ನೂ ನೋಡಿದ, ಅವಳನ್ನೂ ನೋಡಿದ. ರೊಟ್ಟಿಯನ್ನು ತಿನ್ನದೆ ತಾಟಿಗೆ ಹಾಕಿ, ತಾಟು ಎತ್ತಿಕೊಂಡು ಒಳಗೆ ಹೋದ.

ಸಂಜೆ ಬಾಗಿಲು ಬಡಿದವಳು ಆಶಾ ಕಾರ್ಯಕರ್ತೆ ಸಂಪದಾ. ಬೆಳಗಿನಿಂದ ಓಣಿ ಓಣಿ ತಿರುಗಿ ಸೀರೆಯ ಅಂಚೆಲ್ಲ ಕೆಸರು. ಕಿಟಕಿಯಿಂದ ಅವಳನ್ನು ಕಂಡದ್ದೇ ಗುರುಬಸವ ಅಡುಗೆಮನೆಗೆ ಓಡಿಬಂದ. ಓಡುವುದನ್ನು ಸೌಂದರ್ಯಾ ಮೊದಲ ಸಲ ನೋಡಿದ್ದು. ಹಿಟ್ಟಿನ ಡಬ್ಬಿಯನ್ನು ಅವಳ ಮುಂದೆ ಕುಕ್ಕಿದ.

"ಬಡಿ. ಅಕ್ಕನ ಗತಿ ಬಡಿ."

ಅವಳು ಹಿಟ್ಟು ಕಲಸಿ ಹಲಗೆಯ ಮುಂದೆ ಕೂತ ಮೇಲೆಯೇ ಬಾಗಿಲು ತೆರೆಯಿತು.

"ಸಾವ್ಕಾರ್ರ, ನಿಮ್ಮ ಮನ್ಯಾಗ ವಯಸ್ಸಾದಾವ್ರು ಅದಾರ, ನೋಡಿ ಹೋಗು ಅಂದ್ರು ಗುಲಾಬಸಾಬ ಕಾಕಾ. ಈರವ್ವಕ್ಕಾರನ್ನ ಕರೀರಿ. ಬೆರಳಿಗೆ ಈ ಮಷಿನ್ ಹಾಕಿ ಉಸರು ನೋಡ್ತೇನಿ, ಅಷ್ಟ."

ಗುರುಬಸವ ಹೊಟ್ಟೆತುಂಬ ನಕ್ಕ. "ಕೇಳ್ಸೂದಿಲ್ಲೇನವಾ? ಒಳಗ ರೊಟ್ಟಿ ಬಡಿಯಾಕತ್ತಾಳ. ಕೈಯೆಲ್ಲಾ ಹಿಟ್ಟು. ಜಡ್ಡಾದಾವ್ರು ಹಿಂಗ ಬಡೀತಾರೇನು?"

"ಸೊಸಿ ಎಲ್ಲ್ಯದಾರ್ರಿ?"

"ಒಳಕೋಣ್ಯಾಗ ಮಲಗ್ಯಾಳ. ಈಗಿನ ಹುಡುಗ್ಯಾರು!"

ಸಂಪದಾಳೂ ನಕ್ಕಳು. ಆಮೇಲೆ ಹೊಸ್ತಿಲಿಂದಲೇ ಕುತ್ತಿಗೆ ಚಾಚಿ ಕೂಗಿದಳು: "ಅಕ್ಕಾರ! ಆರಾಮದೀರೇನ್ರಿ?"

ಸೌಂದರ್ಯಾಳ ಕೈ ನಿಂತಿತು. ಅಡುಗೆಮನೆ ಬಾಗಿಲಲ್ಲಿ ಅಮರೇಶ ನಿಂತಿದ್ದ. ಚಿಲಕ ಅವಳಿಂದ ಒಂದು ಮೊಳ ದೂರವಿತ್ತು. ಏಳುವುದೂ ಬೇಡ, ಕೂತಲ್ಲೇ 'ಇಲ್ಲ' ಅಂದರೆ ಸಾಕಿತ್ತು.

ಆಗ ಚೀಲದ ಕೋಣೆಯ ಬಾಗಿಲು ಸದ್ದು ಮಾಡಿತು. ಕೂಗು ಒಳಗಿನವಳಿಗೂ ಕೇಳಿಸಿತ್ತು. ಕೂಗಲು ಉಸಿರಿಲ್ಲದವಳು ಅಂಗೈಯಿಂದ ಹಲಗೆಬಾಗಿಲು ಬಡಿಯುತ್ತಿದ್ದಳು. ಎರಡು ಗಟ್ಟಿ ಏಟು, ಒಂದು ಹಗುರ ತಟ್ಟು. ಮತ್ತೆ ಎರಡು ಏಟು, ಒಂದು ತಟ್ಟು. ಆ ಕೈಗೆ ಬೇರೆ ಬಡಿತ ಗೊತ್ತಿರಲಿಲ್ಲ.

ಅಮರೇಶ ಒಂದು ಹೆಜ್ಜೆ ಮುಂದಿಟ್ಟ. ತನ್ನನ್ನು ಎತ್ತಿ ಆಡಿಸಿದವಳ ಬಾಗಿಲಿನ ಕಡೆಗಲ್ಲ, ಹೆಂಡತಿಯ ಕಡೆಗೆ.

ಸೌಂದರ್ಯಾ ಬಡಿದಳು. ಬಾಗಿಲ ಏಟಿನ ಮೇಲೆ ತನ್ನ ಏಟು ಬೀಳುವ ಹಾಗೆ, ತಟ್ಟಿನ ಮೇಲೆ ತಟ್ಟು ಕೂಡುವ ಹಾಗೆ, ಒಂದಕ್ಕೊಂದು ತಪ್ಪದ ಹಾಗೆ ಬಡಿದಳು. ಇಷ್ಟು ವರ್ಷ ಅವಳ ಕೈಗೆ ಹತ್ತದೇ ಇದ್ದ ಗತಿ ಹತ್ತಿತು.

"ಅಬಾಬಾಬಾ," ಅಂದಳು ಹೊರಗೆ ಸಂಪದಾ, ಚಪ್ಪಲಿ ಮೆಟ್ಟುತ್ತ. "ಅಕ್ಕಾರ ಕೈಯಾಗ ಇನ್ನೂ ಎಷ್ಟ್ ಕಸುವೈತ್ರಿ! ಇನ್ನೊಮ್ಮೆ ಬಂದಾಗ ಬಿಸಿರೊಟ್ಟಿ ತಿಂದ ಹೋಗ್ತೇನಿ."

"ಅಗದಿ ಬಾರವಾ," ಅಂದ ಗುರುಬಸವ. "ನಿಮ್ಮಂಥಾವ್ರ ಸೇವಾ ದೊಡ್ಡದು." ಅವಳ ಕೈಗೆ ಒಂದು ಪಾವು ಕಡಲೆ ಸುರಿದು, ಓಣಿಯ ತಿರುವಿನವರೆಗೆ ನೋಡಿ, ಬಾಗಿಲು ಹಾಕಿಕೊಂಡ.

ಅಡುಗೆಮನೆಗೆ ಬಂದು ಬೆವರು ಒರೆಸಿಕೊಂಡ. ವಿಭೂತಿ ಟವೆಲಿಗೆ ಬಂತು.

"ಸಾಕ ಬಿಡು. ಹೋದ್ಲು."

ಅವಳು ಬಿಡಲಿಲ್ಲ.

"ಏ, ಸಾಕಂದ್ನೆಲ್ಲಾ."

ಚೀಲದ ಕೋಣೆಯ ಬಾಗಿಲು ಸುಮ್ಮನಾಗಿತ್ತು. ಕೆಮ್ಮೂ ಇರಲಿಲ್ಲ. ಹಿಟ್ಟು ಯಾವಾಗಲೋ ಹರಿದು ಅಂಚಿಗೆ ಚೆದುರಿತ್ತು. ಹಿತ್ತಲ ಗೋಡೆಯ ಮೇಲೆ ಗುಲಾಬಸಾಬ ಮತ್ತೆ ತಾಟು ಇಟ್ಟ ಸದ್ದಾಯಿತು, ಅಕ್ಕನ ರೊಟ್ಟಿಗೆ. ಬರೀ ಹಲಗೆಯ ಮೇಲೆ ಕೈ ಬೀಳುತ್ತಲೇ ಇತ್ತು. ಎರಡು ಗಟ್ಟಿ ಏಟು, ಒಂದು ಹಗುರ ತಟ್ಟು.