ಎಡಗಡೆಗೆ ಬೇಕಿದ್ದ ನಂಬರ್ ಪ್ಯಾಡು

ಲಾರಿ ತೂಗುವ ವೇಬ್ರಿಡ್ಜಿನ ಕೋಣೆಯಲ್ಲಿ ಅಕ್ಕ ಕೂತಳೆಂದರೆ ಗೇಟಿನಾಚೆ ಲಾರಿಗಳ ಸಾಲು ಬೆಳೆಯುತ್ತಿರಲಿಲ್ಲ. ಲಾರಿ ನಂಬರು, ತೂಕ, ಎರಡನ್ನೂ ಪರದೆಯಿಂದ ಕಣ್ಣು ಕೀಳದೆ ಒತ್ತಿ ಮುಗಿಸುತ್ತಿದ್ದಳು. ಡ್ರೈವರುಗಳು ಅವಳನ್ನು ಮಿಷನ್ನು ಎಂದೇ ಕರೆಯುತ್ತಿದ್ದರು. ಈಗ ಆ ಮಿಷನ್ನಿನ ಬಲ ಮಣಿಕಟ್ಟು ಕೆಟ್ಟು ಕೂತಿತ್ತು. ಬಾಯಿಬಿಟ್ಟರೆ ಕುರ್ಚಿ ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಅಂಕಿ ಕೀಲಿಗಳಷ್ಟೇ ಇರುವ ಒಂದು ಹಳೆಯ ನಂಬರ್ ಪ್ಯಾಡನ್ನು ಎಡಗಡೆ ಇಟ್ಟುಕೊಂಡು, ಹಲ್ಲು ಕಚ್ಚಿ ಎಡಗೈಗೆ ಅಂಕಿ ಕಲಿಸಿದ್ದಳು.

ಅಷ್ಟರಲ್ಲಿ ಕಂಪನಿಯವರು ಎಲ್ಲರಿಗೂ ಹೊಸ ಮೆಕ್ಯಾನಿಕಲ್ ಕೀಬೋರ್ಡು ಕೊಡುತ್ತೇವೆ, ಬೇಕಾದ್ದು ಆರಿಸಿಕೊಳ್ಳಿ ಎಂದರು. ಕೀಲಿ ಒತ್ತಿದರೆ ಟಕ್ಕೆನ್ನುವ ಗಟ್ಟಿ ಮಾಲು. ಆರ್ಡರ್ ಹಾಕುವ ಮ್ಯಾನೇಜರು ಅವಳ ಸ್ವಂತ ತಮ್ಮ. ಕೈಕಾಲು ಹಿಡಿದು ಅವನನ್ನು ಇಲ್ಲಿ ಸೇರಿಸಿದವಳೂ ಅವಳೇ.

"ಅಕ್ಕ, ದೊಡ್ಡದೇ ತಗೋ. ನಂಬರು ಅದರಲ್ಲೇ ಇರುತ್ತೆ."

"ಬೇಡ ಕಣೋ. ಅದು ಬಲಗಡೆಗೇ ಅಂಟಿಕೊಂಡಿರುತ್ತೆ. ನನಗೆ ಚಿಕ್ಕ ಕೀಬೋರ್ಡು ಹಾಕು, ನಂಬರ್ ಪ್ಯಾಡು ಬೇರೆ ಹಾಕು."

"ಇದೇನು ಹೊಸ ಶೋಕಿ?"

ತಮ್ಮನಲ್ಲವೇ ಎಂದು ಹೇಳಿಬಿಟ್ಟಳು. "ಬಲಗೈ ಆಗ್ತಿಲ್ಲ ಕಣೋ. ಎಡಗೈಗೆ ಅದೇ ಸ್ಪೀಡು ಬಂದಿದೆ, ಬೇಕಿದ್ರೆ ನೋಡು. ಯಾರ ಹತ್ರಾನೂ ಉಸಿರೆತ್ತಬೇಡ."

"ನಾನೇನು ಹೊರಗಿನವನಾ?"

ಹೊರಗಿನವನಾಗಿದ್ದರೆ ವಾಸಿಯಿತ್ತು. ಪ್ಯಾಡು ಬೇರೆ ಯಾಕೆಂದು ಮಾಲೀಕ ಕೇಳಿದ್ದೇ ತಡ, ಅಕ್ಕನ ಕೈ ಹೋಗಿದೆ ಎಂದು ತಮ್ಮ ಒದರಿಬಿಟ್ಟ. ಎಡಗೈ ಕಲಿತ ಮಾತು ಮಾತ್ರ ನಾಲಿಗೆಗೆ ಬರಲಿಲ್ಲ. ನಾಳೆ ತೂಕ ತಪ್ಪಿದರೆ ತನ್ನ ತಲೆಗೆ ಸುತ್ತಿಕೊಳ್ಳುತ್ತದೆಂಬ ಪುಕ್ಕಲುತನ. ಅದಕ್ಕೆ ಇಟ್ಟ ಹೆಸರು ಅಕ್ಕನ ಮೇಲಿನ ಕಾಳಜಿ.

ಪ್ಯಾಡು ಬಂತು. ಅವಳು ಹೇಳಿದ್ದೇ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಅವಳ ಕುರ್ಚಿಯಲ್ಲಿ ಕೂತಿದ್ದ ಹೊಸ ಹುಡುಗಿ ಅದನ್ನೆತ್ತಿ ಬಲಗಡೆ ಇಟ್ಟುಕೊಂಡಳು.

"ಮಾಲೀಕರು ನಿನಗೆ ಕೊಟ್ಟಿರೋ ಗೇಟಿನ ಕೆಲಸ ಆರಾಮ ಅಕ್ಕ," ಎಂದ ತಮ್ಮ. "ಟೈಪ್ ಮಾಡೋ ರಗಳೆನೇ ಇಲ್ಲ."

ನಿಜ, ಇರಲಿಲ್ಲ. ಲಾರಿ ಬಂದಾಗಲೆಲ್ಲ ಹಗ್ಗ ಜಗ್ಗಿ ಅಡ್ಡಗಂಬ ಎತ್ತುವುದಷ್ಟೇ. ಮಧ್ಯಾಹ್ನದೊಳಗೆ ಬಲ ಮಣಿಕಟ್ಟು ಬಾತುಕೊಂಡಿತ್ತು.

ಸಂಜೆ ತಮ್ಮನ ಕಾರು ಬಂದು ಹಾರ್ನ್ ಹೊಡೆಯಿತು. ಅಕ್ಕ ಹಗ್ಗಕ್ಕೆ ಎಡಗೈ ಹಾಕಿದಳು. ಕಂಬ ಅರ್ಧಕ್ಕೆದ್ದು ಧೊಪ್ಪನೆ ಬಿತ್ತು.

"ಬೇಗ ಅಕ್ಕ, ಹೊತ್ತಾಯ್ತು!"

"ಕಾಯೋ. ಈ ಕೈಗೆ ಇದನ್ನಿನ್ನೂ ಕಲಿಸಬೇಕು," ಎಂದು ಹಗ್ಗ ಬಿಟ್ಟು ಸ್ಟೂಲಿನ ಮೇಲೆ ಕೂತಳು.