ಎಂಟು ಸೆಂಟಿಮೀಟರ್

ಶುಕ್ರವಾರ ಬೆಳಿಗ್ಗೆ 8 ಗಂಟೆ 20 ನಿಮಿಷ. ಬೆನೆಡಿಕ್ಟ್ ಮೋನಿಸ್‌ನ ಅಂತ್ಯಕ್ರಿಯೆಗೆ ಇನ್ನು ಎರಡು ಗಂಟೆ ನಲವತ್ತು ನಿಮಿಷ ಇತ್ತು. ಅವನ ಮಗ ಆಲ್ವಿನ್ ಮನೆಯ ಗ್ಯಾರೇಜಿನಲ್ಲಿ ನಿಂತಿದ್ದ ಕಪ್ಪು ಜರ್ಮನ್ ಕಾರಿನ ಮುಂದಿನ ಗಾಜಿಗೆ ಎರಡನೇ ಸಲ ಕಬ್ಬಿಣದ ಪೈಪ್ ಬೀಸಿದ. ಗಾಜು ಉದುರಲಿಲ್ಲ, ಒಳಕ್ಕೆ ಬಾಗಿತು. ಅಲಾರಂ ಅರಚತೊಡಗಿತು.

ಸದ್ದು ಕೇಳಿ ಓಡಿಬಂದವನು ಜೋಯಲ್, ಆಲ್ವಿನ್‌ನ ತಾಯಿ ಲಿಲ್ಲಿಯ ತಮ್ಮ. ಹಿಂದಿನ ಸಂಜೆ ಮಾಲ್ಮೋದಿಂದ ಬಂದಿದ್ದ. ಆಗಲೇ ಬಿಳಿ ಟೈ ಕಟ್ಟಿಕೊಂಡಿದ್ದ. ಸ್ವೀಡನ್ನಿನಲ್ಲಿ ಸತ್ತವರ ತೀರಾ ಹತ್ತಿರದ ಗಂಡಸರು ಬಿಳಿ ಟೈ ಕಟ್ಟುತ್ತಾರೆ, ಉಳಿದವರು ಕಪ್ಪು. ಅವನು ಹಿಂದಿನಿಂದ ಹುಡುಗನ ಸೊಂಟ ಹಿಡಿದ. ಆಲ್ವಿನ್‌ನ ಮೊಣಕೈ ಅವನ ಬಾಯಿಗೆ ಬಡಿಯಿತು.

"ಬಿಡು ಮಾಮ!"

"ಬಿಡ್ತೇನೆ. ಮೊದಲು ಪೈಪ್ ಕೆಳಗೆ ಹಾಕು. ಅಮ್ಮ ಕಿಟಕಿಯಲ್ಲಿ ನೋಡ್ತಾ ಇದ್ದಾಳೆ."

"ಪಪ್ಪನ ಕೊಂದದ್ದು ಇದು."

"ಕಾರು ತಾನಾಗಿ ಯಾರನ್ನೂ ಕೊಲ್ಲುದಿಲ್ಲ ಮಾರಾಯ."

"ಹಾಗಾದ್ರೆ ನಾನು ಕೊಂದದ್ದು."

ಆಲ್ವಿನ್ ಪೈಪನ್ನು ಗೋಡೆಯತ್ತ ಎಸೆದ. ಅಲ್ಲಿ ಎರಡು ಸ್ಟ್ಯಾಂಡ್‌ಗಳಿದ್ದವು, ಕೆಳಗೆ ಮಲಗಿ ಕೆಲಸ ಮಾಡುವಾಗ ಕಾರಿನ ಭಾರ ತಡೆಯಲು ಇಡುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್‌ಗಳು. ಬೆನೆಡಿಕ್ಟ್ ಸತ್ತ ದಿನ ಅವು ಗ್ಯಾರೇಜಿನಲ್ಲಿ ಇರಲಿಲ್ಲ. ಆಲ್ವಿನ್‌ನ ಕಾರಿನ ಡಿಕ್ಕಿಯಲ್ಲಿದ್ದವು.

"ಆ ಮಾತು ಈ ಗೋಡೆ ದಾಟಿ ಹೋಗ್ಬಾರ್ದು ಅಂತ ಅಕ್ಕ ಹೇಳಿದ್ದು ನೆನಪುಂಟಲ್ಲ?" ಜೋಯಲ್ ಬಾಯಿ ಒರೆಸಿಕೊಂಡ. ತುಟಿ ಹರಿದಿತ್ತು. ಬಿಳಿ ಟೈ ಮೇಲೆ ಎರಡು ಕಡೆ ರಕ್ತ ಬಿದ್ದಿತ್ತು. ಆಲ್ವಿನ್‌ನದು ಬಿಟ್ಟರೆ ಮನೆಯಲ್ಲಿ ಬೇರೆ ಬಿಳಿ ಟೈ ಇರಲಿಲ್ಲ.

*

ಅದೇ ನಿಮಿಷದಲ್ಲಿ, ಒಂದೂವರೆ ಕಿಲೋಮೀಟರ್ ದೂರದ ಫ್ಲ್ಯಾಟಿನಲ್ಲಿ, ರಾಜಶೇಖರನ ಫೋನಿಗೆ ಕಾರಿನ ಆ್ಯಪ್‌ನಿಂದ ಸಂದೇಶ ಬಂತು: ಅಲಾರಂ, 08:20. ಕಾರು ಅವನದು. ಪೊಲೀಸರು ಒಂಬತ್ತು ದಿನ ಗ್ಯಾರೇಜಿಗೆ ಬೀಗ ಹಾಕಿ, ಇದು ಅಪಘಾತ, ಅಪರಾಧದ ಶಂಕೆಯಿಲ್ಲ ಎಂದು ಬರೆದು ಬೀಗ ತೆಗೆದಿದ್ದರು. ಕಾರನ್ನು ತರಲು ರಾಜಶೇಖರ ಹೋಗಿರಲಿಲ್ಲ.

"ಏನ್ರೀ ಅದು?" ಹೆಂಡತಿ ಇಂದುಮತಿ ಕೇಳಿದಳು.

"ಯಾರೋ ಗಾಡಿ ಒಡೀತಿದಾರೆ. ಆಲ್ವಿನ್ನೇ ಇರ್ಬೇಕು."

"ಪೊಲೀಸ್‌ಗೆ ಫೋನ್ ಮಾಡಿ ಮತ್ತೆ!"

"ಒಡೀಲಿ ಬಿಡು."

ಇಂದುಮತಿ ಒಳಕೋಣೆಯ ಬಾಗಿಲು ಎಳೆದುಕೊಂಡಳು. ಒಳಗೆ ಐದು ವರ್ಷದ ಇರಾ ಶಿಶುವಿಹಾರಕ್ಕೆ ಹೋಗಲು ಬೂಟು ಹುಡುಕುತ್ತಿದ್ದಳು.

"ನೋಡಿ, ಇವತ್ತು ಅಲ್ಲೇನೂ ಬಾಯ್ಬಿಡ್ಬೇಡಿ. ಹೂವಿಟ್ಟು ಬಂದ್ಬಿಡೋಣ. ನಮ್ ಪರ್ಮನೆಂಟ್ ರೆಸಿಡೆನ್ಸ್ ಫೈಲ್ ಇಮಿಗ್ರೇಷನ್ನವ್ರ ಟೇಬಲ್ ಮೇಲಿದೆ. ಪೊಲೀಸ್ ಕೇಸ್ ಅಂತ ಒಂದು ಗೆರೆ ಬಿದ್ರೆ ಸಾಕು, ಮಗೂನ ಕರ್ಕೊಂಡು ಗಂಟು ಮೂಟೆ ಕಟ್ಬೇಕು."

"ಆ ಹುಡುಗ ತಾನೇ ಅಪ್ಪನ್ನ ಸಾಯಿಸ್ದೆ ಅನ್ಕೊಂಡಿದಾನೆ, ಇಂದು. ಆವತ್ತು ನನ್ ಕೈ ಹಿಡ್ಕೊಂಡೇ ಹೇಳ್ದ."

"ಸ್ಟ್ಯಾಂಡ್ ಎತ್ಕೊಂಡ್ ಹೋಗಿದ್ದು ಅವ್ನೇ ತಾನೆ?"

"ಬಟನ್ ಒತ್ತಿದ್ದು ನಾನು."

ಇಂದುಮತಿ ಅವನ ಕಪ್ಪು ಟೈ ತಂದು ಕೊಟ್ಟಳು.

*

ಹದಿನಾಲ್ಕು ತಿಂಗಳ ಹಿಂದೆ ರಾಜಶೇಖರ ಆ ಕಾರನ್ನು ಸೆಕೆಂಡ್‌ಹ್ಯಾಂಡ್ ಕೊಂಡಿದ್ದ. ಅದು ನಿಲ್ಲುವುದು ಸ್ಪ್ರಿಂಗಿನ ಮೇಲಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ. ಬೇಕೆಂದರೆ ಇಡೀ ಕಾರು ಮೇಲೇಳುತ್ತದೆ, ಬೇಡವೆಂದರೆ ಇಳಿಯುತ್ತದೆ. ಮೂರನೇ ತಿಂಗಳಿಗೆ ಅದರ ಬಲ ಮುಂಭಾಗ ಬೆಳಗಾಗುವಷ್ಟರಲ್ಲಿ ಕುಕ್ಕರಿಸತೊಡಗಿತು. ಕಂಪನಿಯ ವರ್ಕ್‌ಶಾಪ್ ಹೇಳಿದ ಮೊತ್ತ ಅವನ ಒಂದೂವರೆ ತಿಂಗಳ ಸಂಬಳ. ಗೋಥೆನ್‌ಬರ್ಗ್‌ನ ಹೊರವಲಯದ ಒಂದು ವರ್ಕ್‌ಶಾಪ್ ಅದರ ಮೂರನೇ ಒಂದು ಪಾಲಿಗೆ ಹೊಸ ಚೀಲ ಹಾಕಿಕೊಟ್ಟಿತು. ಆರು ವಾರಕ್ಕೆ ಕಾರು ಮತ್ತೆ ಕುಕ್ಕರಿಸಿತು.

ನಂಬಿಕಸ್ಥ ಮೆಕ್ಯಾನಿಕ್ ಯಾರಿದ್ದಾರೆ ಎಂದು ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ. ನೀರಜ್ ಎಂಬವನು ಉತ್ತರ ಬರೆದ: "ನಿಮ್ಮ ಊರು ಶೋವ್ಡೆಯಲ್ಲೇ ಇದ್ದಾರಲ್ಲ, ಬೆನ್ನಿ. ಹಗಲು ಎಂಜಿನ್ ಫ್ಯಾಕ್ಟರಿ, ಸಂಜೆ ಮನೆ ಗ್ಯಾರೇಜ್. ಬೈತಾರೆ. ಮೂಡ್ ಕೆಟ್ರೆ ಕೈನೂ ಎತ್ತುತ್ತಾರೆ. ಮೋಸ ಮಾತ್ರ ಮಾಡಲ್ಲ."

ಬೆನೆಡಿಕ್ಟ್ ಚೀಲವನ್ನು ಬಿಚ್ಚಿ, ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ಕಪ್ಪು ಬಣ್ಣ ಬಟ್ಟೆಗೆ ಬಂತು. ಅಡಿಯಲ್ಲಿ ತಯಾರಿಕೆಯ ವರ್ಷ ಕಾಣಿಸಿತು: 2018.

"ನೋಡಿ ಮಾರಾಯ್ರೆ. ಅಜ್ಜಿಗೆ ಪೌಡರ್ ಬಳಿದು ಮದುಮಗಳು ಅಂತ ಕಳಿಸಿದ್ದಾನೆ. ನಾಳೆ ರಜೆ ಉಂಟಲ್ಲ? ಹೋಗುವ."

ಮರುದಿನ ಆ ವರ್ಕ್‌ಶಾಪಿನ ಮಾಲೀಕ ಕೌಂಟರಿನ ಹಿಂದೆ ನಗುತ್ತ ನಿಂತಿದ್ದ. ಬೆನೆಡಿಕ್ಟ್ ಅವನ ಕುತ್ತಿಗೆ ಹಿಡಿದು ಮುಖವನ್ನು ಕೌಂಟರಿಗೆ ಅಪ್ಪಳಿಸಿದ. ರಬ್ಬರ್ ಚೀಲವನ್ನು ಅವನ ಕಣ್ಣೆದುರು ಒತ್ತಿ ಹಿಡಿದ. "ಓದು," ಎಂದು ಸ್ವೀಡಿಷ್‌ನಲ್ಲಿ ಹೇಳಿದ, "ವರ್ಷ ಓದು." ಮಾಲೀಕ ಓದಿದ. ಅವನ ಮುಂಬಲ್ಲಿನ ಒಂದು ಚೂರು ಬಿಲ್ ಪುಸ್ತಕದ ಮೇಲೆ ಬಿದ್ದಿತ್ತು. ವರ್ಕ್‌ಶಾಪಿಗೆ ನೋಂದಣಿ ಇರಲಿಲ್ಲ, ಹಾಗಾಗಿ ಅವನು ಪೊಲೀಸರನ್ನು ಕರೆಯಲಿಲ್ಲ. ಬಾಗಿಲ ಬಳಿ ನಿಂತಿದ್ದ ರಾಜಶೇಖರ ತಡೆಯಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು, ಒಳಗೊಳಗೆ ಖುಷಿಯೂ ಆಗಿತ್ತು.

ವಾಪಸ್ ಬರುವಾಗ ಬೆನೆಡಿಕ್ಟ್ ಹೇಳಿದ: "ನನ್ನ ಹತ್ರ ಗಾಡಿ ಬಿಟ್ರೆ ಒಂದೇ ಕಂಡಿಷನ್. ಕೀ ನನ್ನ ಕಿಸೆಯಲ್ಲಿ. ನಾನು ಕೀ ಕೊಡುವವರೆಗೆ ಅದು ನಿಮ್ಮ ಗಾಡಿ ಅಲ್ಲ."

"ಆಯ್ತು ಬೆನ್ನಿ ಸರ್."

*

ಅಂತ್ಯಕ್ರಿಯೆಗೆ ಇಪ್ಪತ್ತಮೂರು ದಿನ ಮೊದಲು, ಬುಧವಾರ, ಅದೇ ಕಾರು ಮತ್ತೆ ಗ್ಯಾರೇಜಿಗೆ ಬಂದಿತ್ತು. ಈ ಸಲ ಗಾಳಿ ಸೋರುತ್ತಿದ್ದದ್ದು ಎಡಗಡೆ.

ಅಂದು ಬೆಳಿಗ್ಗೆ ಆರೂವರೆಗೆ, ಫ್ಯಾಕ್ಟರಿಗೆ ಹೊರಡುವ ಮೊದಲು, ಬೆನೆಡಿಕ್ಟ್ ಮಗನ ಕೆನ್ನೆಗೆ ಎರಡು ಬಾರಿಸಿದ. ಹಿಂದಿನ ದಿನ ಪಕ್ಕದ ಮನೆಯವರ ಕಾರಿನ ಚಕ್ರ ಬದಲಿಸಿದ್ದ ಆಲ್ವಿನ್ ಮೂರು ನಟ್ ಬಿಗಿ ಮಾಡಿರಲಿಲ್ಲ. ಏಟು ಬಿದ್ದದ್ದು ಆ ಪಕ್ಕದ ಮನೆಯವರ ಎದುರಿಗೇ. ಸ್ವೀಡನ್ನಿನಲ್ಲಿ ಮಕ್ಕಳಿಗೆ ಹೊಡೆಯುವುದನ್ನು 1979ರಲ್ಲೇ ಕಾನೂನು ನಿಷೇಧಿಸಿದೆ. ಬೆನೆಡಿಕ್ಟ್‌ಗೆ ಆ ಕಾನೂನು ಗೊತ್ತಿತ್ತು. ಆಲ್ವಿನ್‌ಗೆ ಇಪ್ಪತ್ತೆರಡು ವರ್ಷವಾಗಿತ್ತು.

ಆಲ್ವಿನ್ ಎರಡೂ ಸ್ಟ್ಯಾಂಡ್‌ಗಳನ್ನು ಡಿಕ್ಕಿಗೆ ಹಾಕಿಕೊಂಡು ಗೆಳೆಯನ ಕಾರು ರಿಪೇರಿಗೆ ಹೋದ. ಗೆಳೆಯನ ಬಳಿ ಸ್ಟ್ಯಾಂಡ್‌ಗಳಿದ್ದವು. ಅದು ಆಲ್ವಿನ್‌ಗೆ ಗೊತ್ತಿತ್ತು.

ಸಂಜೆ ಬೆನೆಡಿಕ್ಟ್ ಮಗನಿಗೆ ಮೂರು ಸಲ ಫೋನ್ ಮಾಡಿದ. ಆಲ್ವಿನ್ ಎತ್ತಲಿಲ್ಲ. ರಾಜಶೇಖರನಿಗೆ ಆರು ಗಂಟೆಗೆ ಕಾರು ಕೊಡುವುದಾಗಿ ಹೇಳಿಯಾಗಿತ್ತು. ಬೆನೆಡಿಕ್ಟ್ ಕಾರನ್ನು ಅದರ ಗರಿಷ್ಠ ಎತ್ತರಕ್ಕೆ ಏರಿಸಿ, ಆಫ್ ಮಾಡಿ, ಕೀಯನ್ನು ಕಿಸೆಗೆ ಹಾಕಿಕೊಂಡ. ರಟ್ಟು ಹಾಸಿ ಕಾರಿನ ಅಡಿಗೆ ಸರಿದ. ಕೀ ಇಲ್ಲದೆ ಕಾರು ಎಚ್ಚರಗೊಳ್ಳುವುದಿಲ್ಲ ಎಂಬುದು ಅವನ ಮೂವತ್ತು ವರ್ಷದ ಅನುಭವ.

5:25ಕ್ಕೆ ಲಿಲ್ಲಿ ಆಸ್ಪತ್ರೆಯ ಅಡುಗೆಮನೆಯ ಕೆಲಸದ ನಡುವೆ ಫೋನ್ ಮಾಡಿದಳು. "ಗಾಳಿ ಎಲ್ಲಿಂದ ಅಂತ ಈಗ ಕೇಳ್ತಾ ಉಂಟು, ಇಡು," ಎಂದು ಬೆನೆಡಿಕ್ಟ್ ಫೋನ್ ಇಟ್ಟ.

5:31ಕ್ಕೆ ರಾಜಶೇಖರ ಗೋಥೆನ್‌ಬರ್ಗ್‌ನಿಂದ ಬರುವ ರೈಲಿನಲ್ಲಿದ್ದ. ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕಡಿಮೆ. ಕಾರು ತೆಗೆದುಕೊಂಡು ಇರಾಳನ್ನು ಈಜಿಗೆ ಕರೆದೊಯ್ಯಬೇಕಿತ್ತು. ಅವಳಿಗೆ ತಣ್ಣಗಿನ ಸೀಟು ಆಗದು. ಅವನು ಪ್ರತಿ ಸಂಜೆ ಮಾಡುವಂತೆ ಆ್ಯಪ್ ತೆರೆದು ಹೀಟರಿನ ಬಟನ್ ಒತ್ತಿದ.

ಕಾರು ಎಚ್ಚರಗೊಂಡಿತು. ತನ್ನ ಎತ್ತರ ಹೆಚ್ಚಾಗಿದೆಯೆಂದು ಕಂಡುಕೊಂಡು, ಚೀಲಗಳ ಗಾಳಿ ಬಿಟ್ಟು, ಮಾಮೂಲಿ ಮಟ್ಟಕ್ಕೆ ಎಂಟು ಸೆಂಟಿಮೀಟರ್ ಇಳಿಯಿತು.

5:50ಕ್ಕೆ ಆಲ್ವಿನ್ ಬಂದಾಗ ಕಾರಿನಡಿಯಿಂದ ಎರಡು ಬೂಟುಗಳು ಕಾಣುತ್ತಿದ್ದವು. ಎಳೆದ. ಒಂದು ಬೂಟು ಕಳಚಿ ಕೈಗೆ ಬಂತು. ರಾಜಶೇಖರ ಆರು ಗಂಟೆಗೆ ಅಲ್ಲಿಗೆ ತಲುಪಿದಾಗಲೂ ಅದು ಅವನ ಕೈಯಲ್ಲೇ ಇತ್ತು.

*

ಚರ್ಚಿನಲ್ಲಿ ಪೋಲೆಂಡಿನ ಪಾದ್ರಿ ಸ್ವೀಡಿಷ್‌ನಲ್ಲಿ ಪೂಜೆ ನಡೆಸಿದರು. ಸುಮಾರು ಅರವತ್ತು ಜನ ಇದ್ದರು. ಫ್ಯಾಕ್ಟರಿಯವರು ಒಂದು ಕಡೆ, ಬೆನೆಡಿಕ್ಟ್‌ನಿಂದ ಕಾರು ರಿಪೇರಿ ಮಾಡಿಸಿಕೊಂಡವರು ಇನ್ನೊಂದು ಕಡೆ. ಸಾಲಾಗಿ ಬಂದು ಶವಪೆಟ್ಟಿಗೆಯ ಮೇಲೆ ಒಂದೊಂದು ಗುಲಾಬಿ ಇಟ್ಟರು. ಜೋಯಲ್ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದ. ಸ್ಮಶಾನದಲ್ಲಿ ನೆಲ ಹೆಪ್ಪುಗಟ್ಟಿತ್ತು. ಗುಂಡಿಯನ್ನು ಯಂತ್ರದಿಂದ ತೋಡಿದ್ದರು, ಗೋಡೆಗಳಲ್ಲಿ ಅದರ ಹಲ್ಲಿನ ಗೆರೆಗಳಿದ್ದವು.

ಒಂದೂ ಕಾಲಿಗೆ ಚರ್ಚಿನ ಹಾಲ್‌ನಲ್ಲಿ ಕಾಫಿ ಶುರುವಾಯಿತು. ನೀರಜ್ ತಟ್ಟೆ ಹಿಡಿದು ಶೋಭನಾಳ ಪಕ್ಕ ಬಂದು ನಿಂತ. ಅವಳ ಕಾರನ್ನೂ ಬೆನೆಡಿಕ್ಟ್‌ನೇ ನೋಡುತ್ತಿದ್ದ.

"ಇನ್ಮೇಲೆ ನಮ್ ಗಾಡಿಗಳನ್ನ ಯಾರ್ ಹತ್ರ ತಗೊಂಡೋಗೋದು ಅಂತ?"

"ನೀರಜ್, ಮಣ್ಣು ಹಾಕಿ ಇನ್ನೂ ಒಂದು ಗಂಟೆ ಆಗಿಲ್ಲ."

"ಅಲ್ಲ, ಬೇಜಾರಲ್ಲೇ ಹೇಳ್ತಿದೀನಿ. ಏಪ್ರಿಲ್‌ಗೆ ನನ್ ಗಾಡಿ ಬೆಸಿಕ್ಟ್‌ನಿಂಗ್ ಇದೆ, ವರ್ಷದ ಚೆಕಿಂಗ್ ಪಾಸ್ ಮಾಡಿಸ್ಬೇಕು. ಆದ್ರೂ ಅಂಥ ಮನುಷ್ಯ ಸ್ಟ್ಯಾಂಡ್ ಇಡದೆ ಅಡಿಗೆ ಹೋಗ್ತಾರಾ? ನಮಗೆಲ್ಲ ಬೈಯೋರು. ಕೊನೆಗೆ ಅವ್ರೇ ಕೇರ್‌ಲೆಸ್."

ಆಲ್ವಿನ್ ಹಿಂದೆಯೇ ನಿಂತಿದ್ದ. ಮನೆಯಲ್ಲಿ ಕೊಂಕಣಿ ಆಡುತ್ತಿದ್ದ ಅವನು ಕನ್ನಡ ಕಲಿತದ್ದು ಗ್ಯಾರೇಜಿನಲ್ಲಿ, ಇಂಥವರ ಬಾಯಿಂದಲೇ. ಅವನು ನೀರಜ್‌ನ ತಟ್ಟೆಯನ್ನು ಕೆಳಗಿನಿಂದ ಹೊಡೆದು ಹಾರಿಸಿದ. ತಟ್ಟೆ ಗೋಡೆಗೆ ಬಡಿದು ಚೂರಾಯಿತು.

"ಇನ್ನೊಂದ್ಸಲ ಹೇಳಿ. ಪಪ್ಪ ಕೇರ್‌ಲೆಸ್ಸಾ? ಹೇಳಿ!"

"ಆಲ್ವಿನ್!" ಲಿಲ್ಲಿ ಎದ್ದು ನಿಂತಳು. "ಬಾಯಿ ಮುಚ್ಚು."

"ಸ್ಟ್ಯಾಂಡ್ ಅಲ್ಲಿ ಇದ್ದಿದ್ರೆ ಅವ್ರು ಇಡ್ತಿದ್ರು. ಅಲ್ಲಿ ಇರ್ಲಿಲ್ಲ. ಯಾಕೆ ಇರ್ಲಿಲ್ಲ ಅಂದ್ರೆ—"

"ಆಲ್ವಿನ್," ಎಂದ ರಾಜಶೇಖರ. ಇಂದುಮತಿ ಅವನ ಕೋಟಿನ ತೋಳು ಹಿಡಿದಳು. ಅವನು ಬಿಡಿಸಿಕೊಂಡು ಮುಂದೆ ಬಂದ. "ಆವತ್ತು ನೀನು ಬಂದಾಗ ಕಾರೊಳಗೆ ಬೆಚ್ಚಗಿತ್ತಾ?"

ಆಲ್ವಿನ್ ಅವನನ್ನೇ ನೋಡಿದ. "ಇತ್ತು. ಗಾಜಿಗೆ ಮಂಜು ಹಿಡಿದಿತ್ತು. ಪಪ್ಪ ಹೀಟರ್ ಹಾಕಿದ್ರು."

"ಅವ್ರು ಹಾಕಿದ್ದಲ್ಲ. ನಾನು ಹಾಕಿದ್ದು. ರೈಲಿಂದ." ರಾಜಶೇಖರ ಆ್ಯಪ್‌ನ ದಾಖಲೆ ತೆರೆದು ಫೋನ್ ಮುಂದೆ ಹಿಡಿದ. "ಹೀಟರ್ ಹಾಕಿದ್ರೆ ಗಾಡಿ ಏಳುತ್ತೆ. ಎದ್ರೆ ಎತ್ತರ ಸರಿ ಮಾಡ್ಕೊಳುತ್ತೆ. ಅದಕ್ಕೇ ಕೆಳಗೆ ಬಂತು. ಕೀ ಅವ್ರ ಜೇಬಲ್ಲಿತ್ತು, ಆ್ಯಪ್ ನನ್ ಹತ್ರ ಇತ್ತು. ನಾನು ಅವ್ರಿಗೆ ಹೇಳಿರ್ಲಿಲ್ಲ."

ಆಲ್ವಿನ್ ಫೋನ್ ಓದಿದ. ಅದನ್ನು ಮೇಜಿನ ಮೇಲಿಟ್ಟು ರಾಜಶೇಖರನ ಮೂಗಿಗೆ ಗುದ್ದಿದ. ಎರಡನೇ ಗುದ್ದಿಗೆ ರಾಜಶೇಖರ ಮೇಜಿನ ಮೇಲೆ ಬಿದ್ದ, ಕಾಫಿಯ ಫ್ಲಾಸ್ಕ್‌ಗಳು ಉರುಳಿದವು. ಆಲ್ವಿನ್ ಅವನ ಎದೆಯ ಮೇಲೆ ಮಂಡಿಯೂರಿದ. ರಾಜಶೇಖರ ಕೈ ಅಡ್ಡ ಹಿಡಿಯಲಿಲ್ಲ. ಬಿಡಿಸಲು ಬಂದ ನೀರಜ್‌ನನ್ನು ಜೋಯಲ್ ಗೋಡೆಗೆ ಒತ್ತಿ ಹಿಡಿದ.

"ಎಷ್ಟು ಗಂಟೆಗೆ?" ಎಂದಳು ಲಿಲ್ಲಿ.

ಅವಳು ಕೇಳಿದ್ದು ಮೆಲ್ಲಗೆ. ಆದರೂ ಆಲ್ವಿನ್‌ನ ಕೈ ನಿಂತಿತು.

"ರಾಜಶೇಖರ್, ಎಷ್ಟು ಗಂಟೆಗೆ ಒತ್ತಿದ್ದು?"

"ಐದು ಮೂವತ್ತೊಂದು." ಬಾಯಿಯೊಳಗೆ ರಕ್ತ ಇದ್ದದ್ದರಿಂದ ಅವನು ಮತ್ತೊಮ್ಮೆ ಹೇಳಬೇಕಾಯಿತು.

ಸಾವು ಯಾವಾಗ ಸಂಭವಿಸಿತೆಂದು ನಿಖರವಾಗಿ ಹೇಳಲಾಗದು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಎದೆಯ ಮೇಲೆ ಭಾರ ಬಿದ್ದು ಉಸಿರು ಕಟ್ಟಿದೆ ಎಂದಷ್ಟೇ ಅದರಲ್ಲಿತ್ತು.

"ಇವನು ಬಂದದ್ದು ಐದೂ ಐವತ್ತಕ್ಕೆ," ಎಂದಳು ಲಿಲ್ಲಿ. "ಹತ್ತೊಂಬತ್ತು ನಿಮಿಷ."

ಕಾಫಿ ಮೇಜಿನಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?" ಎಂದು ಲಿಲ್ಲಿ ಕೇಳಿದಳು.

"ನಾನೇ ಬೇಡ ಅಂದೆ ಆಂಟಿ," ಎಂದಳು ಇಂದುಮತಿ.

ಲಿಲ್ಲಿ ಅವಳನ್ನು ನೋಡಿದಳು, ಆಮೇಲೆ ಮಗನನ್ನು. "ನಾನೂ ಇವನಿಗೆ ಹಾಗೇ ಹೇಳಿದ್ದು," ಎಂದು ಬಾಗಿ, ಒಡೆದ ತಟ್ಟೆಯ ಚೂರುಗಳನ್ನು ಆರಿಸತೊಡಗಿದಳು.

*

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಶೋವ್ಡೆಯ ಪೊಲೀಸ್ ಠಾಣೆಯ ಬಾಗಿಲು ತೆರೆಯಿತು. ರಾಜಶೇಖರ ಮೂಗಿಗೆ ಪಟ್ಟಿ ಕಟ್ಟಿಕೊಂಡು ಬಂದ. ಒಳಗೆ, ಸರದಿ ಚೀಟಿ ಕೊಡುವ ಯಂತ್ರದ ಮುಂದೆ ಆಲ್ವಿನ್ ನಿಂತಿದ್ದ. ಅವನ ಕಾಲ ಬಳಿ ಎರಡು ಕಬ್ಬಿಣದ ಸ್ಟ್ಯಾಂಡ್‌ಗಳಿದ್ದವು.

ಆಲ್ವಿನ್ ಯಂತ್ರದ ಬಟನ್ ಎರಡು ಸಲ ಒತ್ತಿದ. 3ನೇ ನಂಬರಿನ ಚೀಟಿಯನ್ನು ತಾನಿಟ್ಟುಕೊಂಡು, 4ನೆಯದನ್ನು ರಾಜಶೇಖರನಿಗೆ ಕೊಟ್ಟ.